ಪತ್ತೇದಾರಿ ಕಾರ್ಟೂನ್ ಡಿವಿಡಿ: ಕೊಳ್ಳುವಾಗ, ಟಿವಿಗೆ ಜೋಡಿಸುವಾಗ, ಮಕ್ಕಳೊಂದಿಗೆ ನೋಡುವಾಗ

ಭೂಗೋಳವನ್ನೂ ಇತಿಹಾಸವನ್ನೂ ಕಳ್ಳರ ಬೆನ್ನಟ್ಟುವ ಕಥೆಯೊಳಗೆ ಸೇರಿಸಿ ಹೇಳುವ ಮಕ್ಕಳ ಸರಣಿಗಳಲ್ಲಿ ‘ವೇರ್ ಆನ್ ಅರ್ಥ್ ಈಸ್ ಕಾರ್ಮೆನ್ ಸ್ಯಾಂಡಿಯೆಗೊ?’ ಇಂದಿಗೂ ಕೊಂಡು ಇಟ್ಟುಕೊಳ್ಳಲು ಯೋಗ್ಯವಾದದ್ದು. ಅಮೆರಿಕದ ಬ್ರೋಡರ್‌ಬಂಡ್ ಸಂಸ್ಥೆ 1985ರಲ್ಲಿ ಹೊರತಂದ ಕಂಪ್ಯೂಟರ್ ಆಟ ಇದರ ಮೂಲ. ಆ ಆಟದ ಪೆಟ್ಟಿಗೆಯಲ್ಲಿ ಜಗತ್ತಿನ ದೇಶಗಳ ಮಾಹಿತಿ ತುಂಬಿದ ದಪ್ಪನೆಯ ವಾರ್ಷಿಕ ಪುಸ್ತಕವೊಂದನ್ನೂ ಇಟ್ಟು ಮಾರುತ್ತಿದ್ದರು. ಸುಳಿವು ಬಿಡಿಸಲಾಗದ ಮಗು ಆ ಪುಸ್ತಕವನ್ನು ತೆರೆದು ಹುಡುಕಬೇಕಾಗಿತ್ತು. ಡಿಕ್ ಸಂಸ್ಥೆ ಅದನ್ನು ಆ್ಯನಿಮೇಷನ್ ಸರಣಿಯಾಗಿ ಮಾಡಿತು. 1994ರ ಫೆಬ್ರುವರಿಯಿಂದ 1999ರ ಜನವರಿಯವರೆಗೆ 40 ಕಂತುಗಳು ಪ್ರಸಾರವಾದವು, ಕಾರ್ಮೆನ್ ಪಾತ್ರಕ್ಕೆ ನಟಿ ರೀಟಾ ಮೊರೆನೊ ಧ್ವನಿ ಕೊಟ್ಟರು, 1995ರಲ್ಲಿ ಸರಣಿಗೆ ಮಕ್ಕಳ ಆ್ಯನಿಮೇಷನ್ ವಿಭಾಗದ ಡೇಟೈಮ್ ಎಮ್ಮಿ ಪ್ರಶಸ್ತಿ ಬಂತು. ಹಿಂದೆ ತಾನೇ ಪತ್ತೇದಾರಳಾಗಿದ್ದ ಕಾರ್ಮೆನ್ ಜಗತ್ತಿನ ಅಮೂಲ್ಯ ವಸ್ತುಗಳನ್ನು ಕದಿಯುತ್ತಾಳೆ, ಹೋಗುವಾಗ ಬೇಕೆಂದೇ ಸುಳಿವು ಬಿಟ್ಟು ಹೋಗುತ್ತಾಳೆ, ಝ್ಯಾಕ್ ಮತ್ತು ಐವಿ ಎಂಬ ತಮ್ಮ-ಅಕ್ಕ ಆ ಸುಳಿವು ಹಿಡಿದು ದೇಶದಿಂದ ದೇಶಕ್ಕೆ ಓಡುತ್ತಾರೆ.

ಟಿವಿಯಲ್ಲಿ ಪ್ರಸಾರವಾಗುವ ಕಾರ್ಯಕ್ರಮ ಯಾರಿಗಾಗಿಯೂ ನಿಲ್ಲುವುದಿಲ್ಲ. ಸುಳಿವು ಕಾಣಿಸಿದ ಅರ್ಧ ನಿಮಿಷದೊಳಗೆ ಅದರ ಉತ್ತರವೂ ಬಂದುಬಿಡುತ್ತದೆ, ಮಗು ಯೋಚಿಸುವ ಮೊದಲೇ ಕಥೆ ಮುಂದೆ ಹೋಗಿರುತ್ತದೆ. ಡಿಸ್ಕ್ ಕೈಯಲ್ಲಿದ್ದರೆ ಸುಳಿವಿನ ಬಳಿ ನಿಲ್ಲಿಸಬಹುದು, ನಕಾಶೆ ಬಿಚ್ಚಬಹುದು, ಹಿಂದಕ್ಕೆ ಹೋಗಿ ಮತ್ತೊಮ್ಮೆ ಕೇಳಬಹುದು. ಈ ಸರಣಿಯ ಶಿಕ್ಷಣ ಇರುವುದೇ ಹಾಗೆ ನಿಲ್ಲಿಸುವ ಕ್ಷಣಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪಾಲಕರು ಮತ್ತು ಶಾಲೆಯ ಗುರುಗಳು ಇಂಥ ಡಿಸ್ಕನ್ನು ಹೇಗೆ ಆರಿಸಬೇಕು, ನಮ್ಮಲ್ಲಿರುವ ಯಂತ್ರದಲ್ಲಿ ಹೇಗೆ ಓಡಿಸಬೇಕು, ಮಕ್ಕಳೊಂದಿಗೆ ಕುಳಿತು ಹೇಗೆ ನೋಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕೊಳ್ಳುವಾಗ ಮೊದಲು ಹೆಸರನ್ನು ಪೂರ್ತಿಯಾಗಿ ಓದಿಕೊಳ್ಳಬೇಕು, ಏಕೆಂದರೆ ಕಾರ್ಮೆನ್ ಹೆಸರಿನಲ್ಲಿ ಬೇರೆ ಬೇರೆ ಕಾರ್ಯಕ್ರಮಗಳು ಬಂದಿವೆ. ‘ವೇರ್ ಇನ್ ದ ವರ್ಲ್ಡ್’ ಎಂದು ಆರಂಭವಾಗುವುದು 1991ರಿಂದ 1995ರವರೆಗೆ ಬಂದ ರಸಪ್ರಶ್ನೆ ಕಾರ್ಯಕ್ರಮ. ಅದರಲ್ಲಿ ನಿಜವಾದ ಮಕ್ಕಳು ಸ್ಟುಡಿಯೊದಲ್ಲಿ ನಿಂತು ಆಡುತ್ತಾರೆ. ಬರೀ ‘ಕಾರ್ಮೆನ್ ಸ್ಯಾಂಡಿಯೆಗೊ’ ಎಂಬ ಹೆಸರಿನದು 2019ರಿಂದ 2021ರವರೆಗೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಹೊಸ ಸರಣಿ. ಅದರ ಕಥೆಯೂ ಬೇರೆ, ಕಾರ್ಮೆನ್‌ಳ ಸ್ವಭಾವವೂ ಬೇರೆ. ನಮಗೆ ಬೇಕಾದದ್ದು ‘ವೇರ್ ಆನ್ ಅರ್ಥ್’. ಅದರ ಎಲ್ಲ ಕಂತುಗಳಿರುವ ಡಿವಿಡಿ ಸೆಟ್ಟನ್ನು ಅಮೆರಿಕದ ಮಿಲ್ ಕ್ರೀಕ್ ಸಂಸ್ಥೆ 2012ರಲ್ಲಿ ಬಿಡುಗಡೆ ಮಾಡಿತು. ಅದಕ್ಕೂ ಮೊದಲಿನ ಬಿಡಿ ಸಂಪುಟಗಳಲ್ಲಿ ಆಯ್ದ ಕಂತುಗಳಷ್ಟೇ ಇರುವುದರಿಂದ, ಹಳೆಯ ಪ್ರತಿ ಸಿಕ್ಕರೆ ರಟ್ಟಿನ ಹಿಂಬದಿಯ ಕಂತುಗಳ ಪಟ್ಟಿಯನ್ನು ಎಣಿಸಿಯೇ ಹಣ ಕೊಡಬೇಕು.

ಅಸಲಿ ಯಾವುದು, ನಕಲಿ ಯಾವುದು ಎಂಬುದನ್ನು ಸರಳ ಲೆಕ್ಕವೊಂದೇ ಬಹುಮಟ್ಟಿಗೆ ತಿಳಿಸಿಬಿಡುತ್ತದೆ. ಒಂದು ಕಂತಿಗೆ ಸುಮಾರು 22 ನಿಮಿಷವೆಂದು ಹಿಡಿದರೆ 40 ಕಂತುಗಳಿಗೆ 880 ನಿಮಿಷ, ಅಂದರೆ ಹದಿನಾಲ್ಕೂವರೆ ತಾಸಿಗಿಂತ ಹೆಚ್ಚು. ಎರಡು ಪದರದ ಡಿವಿಡಿಯಲ್ಲಿ ಹಿಡಿಸುವುದು 8.5 ಗಿಗಾಬೈಟ್. ಅಷ್ಟರಲ್ಲಿ ಎಲ್ಲ ಕಂತುಗಳನ್ನೂ ತುರುಕಿದರೆ ಒಂದು ಸೆಕೆಂಡಿನ ಚಿತ್ರಕ್ಕೂ ಧ್ವನಿಗೂ ಸೇರಿ 1.3 ಮೆಗಾಬಿಟ್‌ನಷ್ಟು ಜಾಗವೂ ಉಳಿಯುವುದಿಲ್ಲ. ಹಳೆಯ ವಿಸಿಡಿಗಳಲ್ಲಿ ಬರೀ ಚಿತ್ರಕ್ಕೇ 1.15 ಮೆಗಾಬಿಟ್ ಇರುತ್ತಿತ್ತು. ಆದ್ದರಿಂದ ‘ಒಂದೇ ಡಿಸ್ಕಿನಲ್ಲಿ 40 ಕಂತು’ ಎಂದು ಯಾರಾದರೂ ಮಾರುತ್ತಿದ್ದರೆ ಅದು ನಕಲಿ ಎಂದೇ ತಿಳಿಯಬೇಕು, ಅದರಲ್ಲಿ ನಕಾಶೆಯ ಮೇಲಿನ ಊರಿನ ಹೆಸರುಗಳು ಓದಲು ಬಾರದಷ್ಟು ಮಸುಕಾಗಿರುತ್ತವೆ ಎಂದೂ ತಿಳಿಯಬೇಕು. ಡಿಸ್ಕನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವಿದ್ದರೆ ಕೆಳಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕಾರ್ಖಾನೆಯಲ್ಲಿ ಅಚ್ಚಾದ ಡಿಸ್ಕ್ ಬೆಳ್ಳಿಯ ಅಥವಾ ತಿಳಿ ಬಂಗಾರದ ಬಣ್ಣದ್ದಾಗಿರುತ್ತದೆ, ನಡುವಿನ ರಂಧ್ರದ ಸುತ್ತ ಬಹಳ ಸಣ್ಣ ಅಕ್ಷರಗಳಲ್ಲಿ ‘ಐಎಫ್‌ಪಿಐ’ ಎಂಬ ಗುರುತು ಸಾಮಾನ್ಯವಾಗಿ ಇರುತ್ತದೆ. ಮನೆಯಲ್ಲೋ ಅಂಗಡಿಯಲ್ಲೋ ಬರೆದ ಡಿಸ್ಕಿನ ಕೆಳಭಾಗ ನೇರಳೆ ಛಾಯೆಯದು.

ಇಲ್ಲಿನ ಅಂಗಡಿಗಳಲ್ಲಿ ಇಂಥ ಸೆಟ್ ಸಿಗುವುದು ಅಪರೂಪವಾದ್ದರಿಂದ ಹೆಚ್ಚಿನವರು ವಿದೇಶದಿಂದಲೇ ತರಿಸಿಕೊಳ್ಳಬೇಕಾಗುತ್ತದೆ. ಅಂಚೆಯಲ್ಲಿ ಬಂದರೆ ಡಿಸ್ಕಿನ ಬೆಲೆಯ ಮೇಲೆ ಕಸ್ಟಮ್ಸ್ ಸುಂಕ ಬೀಳಬಹುದು. ಅಮೆರಿಕದಲ್ಲಿರುವ ಬಂಧುಗಳು ಊರಿಗೆ ಬರುವವರಿದ್ದರೆ ಅವರ ಕೈಯಲ್ಲಿ ತರಿಸುವುದು ಸುಲಭ. ಜೊತೆಗೆ ಅಲ್ಲಿನ ಪ್ಲೇಯರನ್ನೂ ತರಿಸುವ ಆಲೋಚನೆ ಮಾತ್ರ ಬೇಡ; 120 ವೋಲ್ಟ್‌ಗೆಂದು ಮಾಡಿದ ಯಂತ್ರವನ್ನು ನಮ್ಮ 230 ವೋಲ್ಟ್‌ಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ.

ಡಿಸ್ಕ್ ಮನೆಗೆ ಬಂದ ಮೇಲೆ ಎದುರಾಗುವ ತೊಡಕುಗಳು ಎರಡು, ಅವೆರಡೂ ಬೇರೆ ಬೇರೆ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮೊದಲನೆಯದು ರೀಜನ್ ಕೋಡ್. ಡಿವಿಡಿ ತಯಾರಕರು ಜಗತ್ತನ್ನು ವಲಯಗಳನ್ನಾಗಿ ಹಂಚಿಕೊಂಡಿದ್ದಾರೆ. ಅಮೆರಿಕ ಮತ್ತು ಕೆನಡಾ 1ನೇ ವಲಯ, ಭಾರತ 5ನೇ ವಲಯ. 1ನೇ ವಲಯದ ಡಿಸ್ಕನ್ನು 5ನೇ ವಲಯಕ್ಕೆ ಮಾತ್ರ ಹೊಂದಿಸಿದ ಪ್ಲೇಯರ್ ಓದಲು ಒಪ್ಪುವುದಿಲ್ಲ, ಪರದೆಯ ಮೇಲೆ ವಲಯ ತಪ್ಪಾಗಿದೆ ಎಂಬ ಸಂದೇಶವಷ್ಟೇ ಕಾಣಿಸುತ್ತದೆ. ನಮ್ಮಲ್ಲಿ ಮಾರಾಟವಾದ ಬಹಳಷ್ಟು ಪ್ಲೇಯರ್‌ಗಳು ಎಲ್ಲ ವಲಯದ ಡಿಸ್ಕುಗಳನ್ನೂ ಓದುವಂಥವು. ಆದರೂ ಬೆಳಗಾವಿಯ ಖಡೇಬಜಾರಿನಲ್ಲಾಗಲಿ ವಿಜಯಪುರದ ಗಾಂಧಿ ಚೌಕದಲ್ಲಾಗಲಿ ಹಳೆಯ ಪ್ಲೇಯರ್ ಕೊಳ್ಳುವವರು ‘ಎಲ್ಲ ರೀಜನ್ ಓಡುತ್ತದೆಯೇ’ ಎಂದು ಕೇಳಿ, ಸಾಧ್ಯವಾದರೆ ಅದೇ ಡಿಸ್ಕನ್ನು ಅಂಗಡಿಯಲ್ಲೇ ಹಾಕಿಸಿ ನೋಡಬೇಕು. ಕಂಪ್ಯೂಟರಿನಲ್ಲಿ ನೋಡುವವರು ಇನ್ನೊಂದು ವಿಷಯ ತಿಳಿದಿರಬೇಕು. ಕಂಪ್ಯೂಟರಿನ ಡಿವಿಡಿ ಡ್ರೈವ್ ತನ್ನ ವಲಯವನ್ನು ಬದಲಿಸಲು 5 ಸಲ ಮಾತ್ರ ಅವಕಾಶ ಕೊಡುತ್ತದೆ, ಐದನೆಯ ಸಲ ಯಾವ ವಲಯಕ್ಕೆ ಹೊಂದಿಸಿದ್ದೀರೋ ಅದೇ ಕಾಯಂ ಆಗುತ್ತದೆ. ವಲಯ ಬದಲಿಸಬೇಕೆ ಎಂದು ಪರದೆ ಕೇಳಿದಾಗ ಮಕ್ಕಳು ‘ಸರಿ’ ಒತ್ತುತ್ತಾ ಹೋಗದಂತೆ ನೋಡಿಕೊಳ್ಳಬೇಕು.

ಎರಡನೆಯದು ಟಿವಿಯ ಪದ್ಧತಿ. ನಮ್ಮ ದೇಶದ್ದು ಪಾಲ್, ಅಂದರೆ 576 ಸಾಲುಗಳು, ಸೆಕೆಂಡಿಗೆ 25 ಚಿತ್ರಗಳು. ಅಮೆರಿಕದ್ದು ಎನ್‌ಟಿಎಸ್‌ಸಿ, ಅಂದರೆ 480 ಸಾಲುಗಳು, ಸೆಕೆಂಡಿಗೆ ಸುಮಾರು 30 ಚಿತ್ರಗಳು. ಇವೆರಡು ಹೊಂದದಿದ್ದಾಗ ಡಿಸ್ಕ್ ಓಡುತ್ತದೆ, ಧ್ವನಿಯೂ ಸರಿಯಾಗಿಯೇ ಬರುತ್ತದೆ, ಆದರೆ ಚಿತ್ರ ಕಪ್ಪು-ಬಿಳುಪಾಗುತ್ತದೆ, ಇಲ್ಲವೇ ಕೆಳಗಿನಿಂದ ಮೇಲಕ್ಕೆ ಉರುಳತೊಡಗುತ್ತದೆ. ಬಹಳ ಜನ ಇದನ್ನು ಕಂಡು ಡಿಸ್ಕ್ ಕೆಟ್ಟಿದೆ ಎಂದು ಎತ್ತಿಟ್ಟುಬಿಡುತ್ತಾರೆ. ಹಾಗೆ ಮಾಡುವ ಮೊದಲು ಪ್ಲೇಯರಿನ ಸೆಟಪ್‌ಗೆ ಹೋಗಿ, ‘ಟಿವಿ ಸಿಸ್ಟಮ್’ ಎಂಬಲ್ಲಿ ‘ಪಾಲ್’ ಇದ್ದದ್ದನ್ನು ‘ಆಟೋ’ ಅಥವಾ ‘ಮಲ್ಟಿ’ ಮಾಡಿ ನೋಡಿ; ಇತ್ತೀಚಿನ ಎಲ್ಇಡಿ ಟಿವಿಗಳು ಎರಡೂ ಪದ್ಧತಿಗಳನ್ನು ಒಪ್ಪಿಕೊಳ್ಳುತ್ತವೆ. ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಿವಿಡಿ ಡ್ರೈವ್ ಜೋಡಿಸಿ, ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ಓಡಿಸಿ, ಎಚ್‌ಡಿಎಂಐ ಕೇಬಲಿನಿಂದ ಟಿವಿಗೆ ಕೊಟ್ಟರೆ ಈ ಎರಡನೆಯ ತೊಡಕು ಬರುವುದೇ ಇಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರಿಗೆ ನಾನು ಹೇಳುವ ದಾರಿ ಇದೇ.

ಚಿತ್ರದ ಆಕಾರವನ್ನೂ ಸರಿಪಡಿಸಿಕೊಳ್ಳುವುದು ಅಗತ್ಯ. ಈ ಸರಣಿಯನ್ನು ಮಾಡಿದ್ದು ಹಳೆಯ ಟಿವಿಗಳ 4:3 ಅಳತೆಗೆ. ಈಗಿನ ಅಗಲವಾದ ಟಿವಿಗಳು ಅದನ್ನು ಎರಡೂ ಬದಿಗೆ ಎಳೆದು ಪರದೆಯನ್ನು ತುಂಬಿಸುತ್ತವೆ. ಬೇರೆ ಕಾರ್ಟೂನಿನಲ್ಲಿ ಇದರಿಂದ ದೊಡ್ಡ ನಷ್ಟವೇನೂ ಆಗದು, ಆದರೆ ಭೂಗೋಳ ಕಲಿಸುವ ಸರಣಿಯಲ್ಲಿ ಭೂಮಿಯೇ ಅಡ್ಡಲಾಗಿ ಮಲಗಿಸಿದ ಕೋಳಿಮೊಟ್ಟೆಯಂತೆ ಕಾಣುತ್ತದೆ, ಖಂಡಗಳು ಹಿಗ್ಗುತ್ತವೆ, ಮಗುವಿನ ಕೈಯಲ್ಲಿರುವ ನಕಾಶೆಗೂ ಪರದೆಯ ನಕಾಶೆಗೂ ಹೊಂದಾಣಿಕೆ ತಪ್ಪುತ್ತದೆ. ಟಿವಿಯ ರಿಮೋಟಿನಲ್ಲಿ ಚಿತ್ರದ ಅಳತೆ ಬದಲಿಸುವ ಗುಂಡಿ ಒತ್ತಿ 4:3 ಆರಿಸಿಕೊಂಡರೆ ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಭೂಮಿ ಮತ್ತೆ ಗುಂಡಗಾಗುತ್ತದೆ.

ಸರಣಿಯ ಮಾತೆಲ್ಲ ಅಮೆರಿಕದ ವೇಗದ ಇಂಗ್ಲಿಷ್. ಕನ್ನಡ ಮಾಧ್ಯಮದ ಮಕ್ಕಳ ಜೊತೆ ಒಬ್ಬ ಹಿರಿಯರು ಕುಳಿತು ಮುಖ್ಯವಾದ ಮಾತನ್ನು ಕನ್ನಡದಲ್ಲಿ ಹೇಳಬೇಕಾಗುತ್ತದೆ. ಅದಕ್ಕಾಗಿ ಆ ಹಿರಿಯರು ಕಂತನ್ನು ಹಿಂದಿನ ದಿನವೇ ಒಮ್ಮೆ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಅಮೆರಿಕದ ಡಿಸ್ಕುಗಳಲ್ಲಿ ಕೆಲವೊಮ್ಮೆ ಸಬ್‌ಟೈಟಲ್ ಇರುವುದಿಲ್ಲ, ಅದರ ಬದಲಿಗೆ ಕಿವುಡರಿಗಾಗಿ ಅಡಗಿಸಿಟ್ಟ ಕ್ಲೋಸ್ಡ್ ಕ್ಯಾಪ್ಷನ್ ಇರುತ್ತದೆ. ನಮ್ಮ ಪ್ಲೇಯರ್‌ಗಳು ಸಾಮಾನ್ಯವಾಗಿ ಅದನ್ನು ತೋರಿಸುವುದಿಲ್ಲ; ಡಿಸ್ಕಿನಲ್ಲಿ ಅದು ಇದ್ದರೆ ವಿಎಲ್‌ಸಿಯ ಸಬ್‌ಟೈಟಲ್ ಪಟ್ಟಿಯಲ್ಲಿ ಆರಿಸಿಕೊಂಡು ಓದಬಹುದು. ಬೆಳಗಾವಿಯ ಕಡೆಯ ಮಕ್ಕಳಿಗೆ ಇದರಲ್ಲಿ ಇನ್ನೊಂದು ಖುಷಿಯೂ ಇದೆ. ಝ್ಯಾಕ್ ಹಲವು ಭಾಷೆಗಳನ್ನು ಬಲ್ಲ ಹುಡುಗ, ಅಪರಿಚಿತ ಊರಿನಲ್ಲಿ ಅವನಿಗೆ ದಾರಿ ತೆರೆಯುವುದು ಆ ಭಾಷೆಗಳೇ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಕೇಳುತ್ತಾ ಬೆಳೆಯುವ ಮಗುವಿಗೆ ಆ ಹುಡುಗ ಪರಕೀಯನೆನಿಸುವುದಿಲ್ಲ.

ನೋಡುವ ಹೊತ್ತಿಗೆ ಮಕ್ಕಳ ಮುಂದೆ ಮೂರು ವಸ್ತುಗಳಿರಬೇಕು: ಜಗತ್ತಿನ ನಕಾಶೆ ಅಥವಾ ಶಾಲೆಯ ಅಟ್ಲಾಸ್, ಒಂದು ನೋಟ್‌ಬುಕ್, ಒಂದು ಪೆನ್ಸಿಲ್. 22 ನಿಮಿಷದ ಕಂತಿಗೆ ಒಂದು ತಾಸು ಮೀಸಲಿಡಿ, ದಿನಕ್ಕೆ ಒಂದೇ ಕಂತು ಸಾಕು. ಏನು ಕಳುವಾಯಿತು ಎಂದು ತಿಳಿದ ಕೂಡಲೇ ಮೊದಲ ನಿಲುಗಡೆ: ಆ ವಸ್ತು ಯಾವ ದೇಶದ್ದು, ನಕಾಶೆಯಲ್ಲಿ ಎಲ್ಲಿದೆ ಎಂದು ಮಕ್ಕಳೇ ಬೆರಳಿಟ್ಟು ತೋರಿಸಲಿ. ಎರಡನೆಯದು ಸುಳಿವು ಬಂದಾಗ, ಅಂದರೆ ಐವಿಯೋ ಝ್ಯಾಕನೋ ಊರಿನ ಹೆಸರು ಹೇಳುವುದಕ್ಕೆ ಸ್ವಲ್ಪ ಮೊದಲು. ಇದೇ ಎಲ್ಲಕ್ಕಿಂತ ಮುಖ್ಯ, ಒಂದೆರಡು ಸೆಕೆಂಡು ತಡವಾದರೂ ಉತ್ತರ ಹೊರಬಿದ್ದಿರುತ್ತದೆ. ಹಿಂದಿನ ದಿನ ನೋಡಿಟ್ಟುಕೊಳ್ಳಿ ಎಂದು ಹೇಳಿದ್ದು ಈ ಕ್ಷಣಕ್ಕಾಗಿಯೂ ಹೌದು. ಮಕ್ಕಳು ತಮ್ಮ ಊಹೆಯನ್ನು ಬಾಯಿಂದ ಹೇಳದೆ ನೋಟ್‌ಬುಕ್ಕಿನಲ್ಲಿ ಬರೆಯಲಿ, ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಲಿ. ಬಾಯಿಂದ ಹೇಳಿಸಿದರೆ ಚುರುಕಾದ ಮಗು ಮೊದಲು ಕೂಗುತ್ತದೆ, ಉಳಿದವರು ಯೋಚಿಸುವುದನ್ನು ಬಿಡುತ್ತಾರೆ. ಊಹೆ ತಪ್ಪಿದರೂ ಕಾರಣ ಚೆನ್ನಾಗಿದ್ದರೆ ಶಹಬ್ಬಾಸ್ ಎನ್ನಬೇಕು. ಚೀಫ್ ಎಂಬ ಕಂಪ್ಯೂಟರ್ ಪಾತ್ರ ಊರಿನ ಮಾಹಿತಿ ಕೊಟ್ಟು ಮುಗಿಸಿದಾಗ ಮೂರನೆಯ ನಿಲುಗಡೆ, ಆಗ ಅದರಲ್ಲಿ ಒಂದು ಸಂಗತಿಯನ್ನಷ್ಟೇ ಬರೆದುಕೊಳ್ಳಲಿ. ಅದಕ್ಕಿಂತ ಹೆಚ್ಚು ಸಲ ನಿಲ್ಲಿಸಬಾರದು, ಕಥೆಯ ಓಟ ಕಡಿದುಹೋಗುತ್ತದೆ.

ಸರಣಿ ಹಳೆಯದಾದ್ದರಿಂದ ಅದರ ಮಾಹಿತಿಯನ್ನು ಈಗಿನ ಅಟ್ಲಾಸಿನೊಂದಿಗೆ ತಾಳೆ ನೋಡುವುದು ಅವಶ್ಯ. ಸರಣಿ ಆರಂಭವಾದಾಗ ಹಾಂಗ್‌ಕಾಂಗ್ ಬ್ರಿಟನ್ನಿನ ಕೈಯಲ್ಲಿತ್ತು, 1997ರಲ್ಲಿ ಚೀನಕ್ಕೆ ಮರಳಿತು. ಆಫ್ರಿಕಾದ ಝೈರ್ ದೇಶ ಅದೇ ವರ್ಷ ಕಾಂಗೊ ಆಯಿತು. ಬಾಗಲಕೋಟೆ ಜಿಲ್ಲೆ ಹುಟ್ಟಿದ್ದೂ 1997ರಲ್ಲೇ. ಅಲ್ಲಿಯವರೆಗೆ ಅದು ವಿಜಯಪುರ ಜಿಲ್ಲೆಯ ಭಾಗವಾಗಿತ್ತು. ನಕಾಶೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದನ್ನು ದೂರದ ಉದಾಹರಣೆಯ ಜೊತೆಗೆ ಹತ್ತಿರದ್ದನ್ನೂ ಕೊಟ್ಟು ಹೇಳಿದರೆ ಮಕ್ಕಳಿಗೆ ಬೇಗ ಮನಸ್ಸಿಗೆ ಹತ್ತುತ್ತದೆ.

ನಾಲ್ಕಾರು ಕಂತುಗಳಾದ ಮೇಲೆ ಮಕ್ಕಳು ತಾವೇ ಒಂದು ಪ್ರಕರಣ ಕಟ್ಟುವಂತೆ ಮಾಡಬೇಕು. ಇದಕ್ಕೆ ನಮ್ಮ ಮೂರು ಜಿಲ್ಲೆಗಳಿಗಿಂತ ಒಳ್ಳೆಯ ನೆಲ ಸಿಗಲಾರದು. ವಿಜಯಪುರದ ಮಲಿಕ್-ಎ-ಮೈದಾನ್ ಫಿರಂಗಿ ಕಳುವಾಗಿದೆ ಎಂದು ಆರಂಭಿಸಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ, ಆನೆಯನ್ನು ನುಂಗುತ್ತಿರುವ ಸಿಂಹದ ಬಾಯಿಯುಳ್ಳ ಆ ಫಿರಂಗಿಯನ್ನು ಕಾರ್ಮೆನ್ ಬಿಟ್ಟರೆ ಬೇರೆ ಯಾರೂ ಹೊರಲಾರರು. ಅವಳು ಮಲಪ್ರಭೆಯ ಉದ್ದಕ್ಕೂ ಪರಾರಿಯಾಗಿದ್ದಾಳೆ, ನದಿಯ ದಂಡೆಯ ಊರುಗಳಲ್ಲಿ ಸುಳಿವು ಬಿಟ್ಟಿದ್ದಾಳೆ ಎನ್ನಿ. ಮೊದಲ ಸುಳಿವು ನದಿ ಹುಟ್ಟುವ ಜಾಗ, ಉತ್ತರ ಖಾನಾಪುರ ತಾಲ್ಲೂಕಿನ ಕಣಕುಂಬಿ. ಎರಡನೆಯದು ನದಿಗೆ ಅಣೆಕಟ್ಟು ಕಟ್ಟಿದ ಜಾಗ, ಉತ್ತರ ಸವದತ್ತಿಯ ಬಳಿಯ ನವಿಲುತೀರ್ಥ. ಮೂರನೆಯದು ನದಿ ಉತ್ತರಕ್ಕೆ ತಿರುಗಿ ಹರಿಯುವ, 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಗುಡಿಗಳ ಊರು, ಉತ್ತರ ಪಟ್ಟದಕಲ್ಲು. ನಾಲ್ಕನೆಯದು ರವಿಕೀರ್ತಿ ಬರೆದ 634ರ ಶಾಸನವಿರುವ ಮೇಗುತಿ ಗುಡಿಯ ಊರು, ಉತ್ತರ ಐಹೊಳೆ. ಕೊನೆಯದು ಮಲಪ್ರಭೆ ಕೃಷ್ಣೆಯನ್ನು ಸೇರುವ ಕೂಡಲಸಂಗಮ. ನಕಾಶೆಯ ಮೇಲೆ ಮಗುವಿನ ಬೆರಳು ಖಾನಾಪುರದ ಕಾಡಿನಿಂದ ಹೊರಟು, ನೀಲಿ ಗೆರೆಯನ್ನು ಬಿಡದೆ ಹಿಡಿದುಕೊಂಡು, ಸವದತ್ತಿ ದಾಟಿ, ಗುಡಿಗಳ ಸಾಲನ್ನು ಮುಟ್ಟಿ ಸಂಗಮಕ್ಕೆ ಬರುತ್ತದೆ. ಪಠ್ಯಪುಸ್ತಕದ ಒಂದು ಪುಟ ಓದಿಸಿ ಇಷ್ಟನ್ನು ಕಲಿಸುವುದು ಬಹಳ ಕಷ್ಟ.

ಸುಳಿವು ಬರೆಯುವುದಕ್ಕೆ ಒಂದು ನಿಯಮವನ್ನು ಮಕ್ಕಳಿಗೆ ಹೇಳಿಕೊಡಬೇಕು: ಒಂದೇ ಸುಳಿವಿಗೆ ಊರು ಸಿಕ್ಕಿಬಿಡಬಾರದು, ಎರಡು ಸೇರಿದಾಗ ಮಾತ್ರ ಸಿಗಬೇಕು. ‘ಕಳ್ಳಿಯ ಚೀಲದಲ್ಲಿ ಕರದಂಟು ಸಿಕ್ಕಿತು’ ಎಂದರೆ ಬೆಳಗಾವಿ ಜಿಲ್ಲೆಯ ಗೋಕಾಕವೂ ಆಗಬಹುದು, ಬಾಗಲಕೋಟೆ ಜಿಲ್ಲೆಯ ಅಮೀನಗಡವೂ ಆಗಬಹುದು, ಏಕೆಂದರೆ ಎರಡೂ ಊರುಗಳ ಕರದಂಟು ಹೆಸರುವಾಸಿ. ‘ಅವಳ ಬಟ್ಟೆ ಜಲಪಾತದ ತುಂತುರಿಗೆ ತೊಯ್ದಿತ್ತು’ ಎಂದು ಸೇರಿಸಿದ ಕೂಡಲೇ ಅಮೀನಗಡ ಬಿದ್ದುಹೋಗಿ, ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಉಳಿಯುತ್ತದೆ. ಇದ್ದ ಸಾಧ್ಯತೆಗಳಲ್ಲಿ ಒಂದೊಂದನ್ನೇ ಕಾರಣ ಕೊಟ್ಟು ತೆಗೆದುಹಾಕುವ ಈ ಅಭ್ಯಾಸವನ್ನೇ ಸರಣಿಯೂ ಪ್ರತಿ ಕಂತಿನಲ್ಲಿ ಮಾಡಿಸುತ್ತದೆ. ಮಕ್ಕಳು ತಾವೇ ಸುಳಿವು ಬರೆಯಲು ಕುಳಿತಾಗ ಅದರ ಮರ್ಮ ಅವರ ಕೈಗೆ ಸಿಗುತ್ತದೆ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ, ಬೆಳಗಾವಿಯ ಕುಂದಾ, ಬಾದಾಮಿಯ ಮೂರನೆಯ ಗುಹೆಯಲ್ಲಿರುವ 578ರ ಶಾಸನ, 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ, ಹೀಗೆ ಸುಳಿವಿಗೆ ಬೇಕಾದ ಸಾಮಗ್ರಿ ಧಾರಾಳವಾಗಿದೆ.

ಶಾಲೆಯಲ್ಲಿ ತೋರಿಸಲು ಬಯಸುವ ಗುರುಗಳು ಕಾನೂನಿನ ಬಗ್ಗೆ ಅಂಜಬೇಕಾಗಿಲ್ಲ, ಆದರೆ ಅದರ ಮಿತಿ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಾರ, ಶಾಲೆಯ ಚಟುವಟಿಕೆಯ ಭಾಗವಾಗಿ, ಅಲ್ಲಿನ ವಿದ್ಯಾರ್ಥಿಗಳು, ಸಿಬ್ಬಂದಿ, ಪಾಲಕರು ಮತ್ತು ಶಾಲೆಗೆ ನೇರವಾಗಿ ಸಂಬಂಧಿಸಿದವರಿಗೆ ಮಾತ್ರ ಚಿತ್ರ ತೋರಿಸುವುದು ಉಲ್ಲಂಘನೆಯಾಗುವುದಿಲ್ಲ. ಅದೇ ಡಿಸ್ಕನ್ನು ಜಾತ್ರೆಯಲ್ಲೋ ಗಣೇಶ ಮಂಟಪದಲ್ಲೋ ಊರಿಗೆಲ್ಲ ತೋರಿಸುವುದಕ್ಕೆ ಈ ವಿನಾಯಿತಿ ಅನ್ವಯಿಸದು. ಪ್ರತಿ ಮಾಡಿ ಪೆನ್‌ಡ್ರೈವಿನಲ್ಲಿ ಹಂಚುವುದಕ್ಕೂ ಅನ್ವಯಿಸದು.

ಡಿಸ್ಕನ್ನು ಕಾಪಾಡುವ ರೀತಿ ಊರಿನ ಹವೆಯನ್ನು ಅವಲಂಬಿಸಿದೆ. ಬೆಳಗಾವಿ, ಖಾನಾಪುರದ ಕಡೆ ಮಳೆಗಾಲದ ತೇವದಿಂದ ಡಿಸ್ಕಿಗೆ ಬೂಷ್ಟು ಹಿಡಿಯಬಹುದು, ಮೆತ್ತಗಿನ ಪ್ಲಾಸ್ಟಿಕ್ ಲಕೋಟೆಗೆ ಅಂಟಿಕೊಳ್ಳಲೂಬಹುದು. ಗಟ್ಟಿ ಡಬ್ಬಿಯಲ್ಲಿಟ್ಟು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಬೇಕು. ವಿಜಯಪುರ, ಬಾಗಲಕೋಟೆಯ ಕಡೆ ಬಿಸಿಲೂ ಧೂಳೂ ಶತ್ರುಗಳು. ಬೇಸಿಗೆಯಲ್ಲಿ ಕಿಟಕಿಯ ಬಳಿಯೋ ನಿಲ್ಲಿಸಿದ ಕಾರಿನಲ್ಲೋ ಬಿಟ್ಟ ಡಿಸ್ಕ್ ಬಾಗುತ್ತದೆ, ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ. ಒರೆಸುವಾಗ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿಕ್ಕಬಾರದು. ಡಿಸ್ಕಿನ ಮೇಲೆ ಮಾಹಿತಿ ಸುರುಳಿಯಾಗಿ ಬರೆದಿರುತ್ತದೆ. ಅಡ್ಡಗೀರು ಆ ಸುರುಳಿಯನ್ನು ಪ್ರತಿ ಸುತ್ತಿನಲ್ಲಿ ಒಂದು ಚುಕ್ಕೆಯಷ್ಟು ಮಾತ್ರ ಕಡಿಯುತ್ತದೆ, ಅಷ್ಟನ್ನು ಪ್ಲೇಯರ್ ತಾನೇ ತುಂಬಿಕೊಳ್ಳುತ್ತದೆ. ಸುತ್ತಲಿನ ಗೀರು ಸುರುಳಿಯ ಜೊತೆಗೇ ಸಾಗಿ ಒಂದು ಉದ್ದನೆಯ ಭಾಗವನ್ನೇ ಹಾಳುಮಾಡುತ್ತದೆ, ಅಲ್ಲಿಗೆ ಬಂದಾಗ ಚಿತ್ರ ನಿಂತುಬಿಡುತ್ತದೆ. ಶಾಲೆಯ ಗ್ರಂಥಾಲಯದಲ್ಲಿ ಇಡುವುದಾದರೆ ಮನೆಗೆ ಒಯ್ಯುವವರ ಹೆಸರನ್ನೂ ಡಿಸ್ಕಿನ ಸಂಖ್ಯೆಯನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡು ಒಂದು ಸಲಕ್ಕೆ ಒಂದೇ ಡಿಸ್ಕ್ ಕೊಡಬೇಕು, ಹಿಂದಕ್ಕೆ ಬಂದಾಗ ಬೆಳಕಿಗೆ ಹಿಡಿದು ನೋಡಿಯೇ ಒಳಗೆ ಇಡಬೇಕು.